ಭಯ ಯಾಕೆ ಉಳಿದುಕೊಂಡಿತು?

ಅಡ್ರಿನಲಿನ್ ಪಾಠ ಮಾಡುವಾಗ ಈ ಪ್ರಶ್ನೆ ಬಂದೇ ಬರುತ್ತದೆ: "ಸರ್, ಪರೀಕ್ಷೆ ಹಾಲಿನಲ್ಲಿ ಹಾವು ಉಂಟಾ? ಮತ್ತೆ ಎದೆ ಯಾಕೆ ಹೊಡ್ಕೊಳ್ಳುವುದು?" ಗ್ರಂಥಿಯ ಹೆಸರು ಹೇಳಿ ಮುಂದೆ ಹೋಗಬೇಡಿ. ವಿಕಾಸದ ಪಾಠಕ್ಕೆ ಇಷ್ಟು ಒಳ್ಳೆಯ ಬಾಗಿಲು ಬೇರೆ ಸಿಗಲಿಕ್ಕಿಲ್ಲ.

ಮನೆಯ ಇ.ಎಲ್.ಸಿ.ಬಿ.ಯಿಂದ ಶುರು ಮಾಡಿ. 30 ಮಿಲಿಆಂಪಿಯರ್ ಸೋರಿಕೆಗೇ ಅದು ಟ್ರಿಪ್ ಆಗುತ್ತದೆ. ಮಳೆಗಾಲದಲ್ಲಿ ಗೋಡೆ ಒದ್ದೆಯಾದರೂ ಆಗುತ್ತದೆ. ಬೈದುಕೊಂಡು ಮತ್ತೆ ಆನ್ ಮಾಡುತ್ತೇವೆ. ಆದರೆ ಆಗಬೇಕಾದ ಒಂದು ಸಲ ಆಗದಿದ್ದರೆ ಜೀವವೇ ಹೋದೀತು. ಅಮೆರಿಕದ ಮನೋವೈದ್ಯ ರಾಂಡಾಲ್ಫ್ ನೆಸ್ ಆತಂಕದ ಬಗ್ಗೆ ಹೇಳುವ ಲೆಕ್ಕವೂ ಇದೇ. ಅವರ ಉದಾಹರಣೆ ಹೊಗೆ ಕಂಡರೆ ಕೂಗುವ ಅಲಾರಂ. ಬೋರ್ಡಿನಲ್ಲಿ ಮಕ್ಕಳಿಂದಲೇ ಮಾಡಿಸಿ: ಸರಪರ ಸದ್ದಿಗೆ ಸುಮ್ಮನೆ ಓಡಿದರೆ ನಷ್ಟ 1, ಹಾವಿದ್ದಾಗ ಓಡದಿದ್ದರೆ ನಷ್ಟ 1000. ಹಾಗಾದರೆ ಹಾವಿರುವ ಸಾಧ್ಯತೆ ಸಾವಿರಕ್ಕೆ ಒಂದಕ್ಕಿಂತ ಚೂರು ಹೆಚ್ಚಿದ್ದರೂ ಓಡುವುದೇ ಲಾಭ. ಹೆಚ್ಚಿನ ಓಟವೆಲ್ಲ ದಂಡ, ಆದರೂ ಉಳಿಯುವವನು ಓಡಿದವನೇ.

ಪ್ರಯೋಗ ಉಂಟಾ ಎಂದು ಕೇಳಿದರೆ ಗಪ್ಪಿ ಮೀನಿನ ಕಥೆ ಹೇಳಿ. 1992ರಲ್ಲಿ ಲೀ ಡುಗಾಟ್ಕಿನ್ ಗಪ್ಪಿಗಳನ್ನು ಅಂಜುಬುರುಕ, ಸಾಮಾನ್ಯ, ಧೈರ್ಯದವು ಎಂದು ಮೂರಾಗಿ ವಿಂಗಡಿಸಿ, ಅವುಗಳನ್ನು ತಿನ್ನುವ ಮೀನಿನ ಜೊತೆ ತೊಟ್ಟಿಯಲ್ಲಿ ಬಿಟ್ಟರು. 60 ಗಂಟೆ ಕಳೆದಾಗ ಅಂಜುಬುರುಕಗಳಲ್ಲಿ ಶೇ. 40, ಸಾಮಾನ್ಯದವುಗಳಲ್ಲಿ ಶೇ. 15 ಉಳಿದಿದ್ದವು. ಧೈರ್ಯದವು ಒಂದೂ ಇರಲಿಲ್ಲ. (ತರಗತಿಯ ಹೆದರುಪುಕ್ಕಲರಿಗೆ ಈ ಕಥೆ ಬಹಳ ಇಷ್ಟ.)

ಪರೀಕ್ಷೆಗೆ ಉತ್ತರ ಇಷ್ಟು ಸಲೀಸಲ್ಲ. ಗುಂಪಿನ ಎದುರು ಸಣ್ಣವನಾಗುವುದು, ಗುಂಪಿನಿಂದ ಹೊರಬೀಳುವುದು ಹಿಂದಿನ ಕಾಲದಲ್ಲಿ ಹಾವಿನಷ್ಟೇ ಅಪಾಯವಾಗಿತ್ತು, ಅದಕ್ಕೇ ಈ ಅಳುಕು ಎನ್ನುವವರಿದ್ದಾರೆ. ಒಪ್ಪುವಂತಿದೆ, ಆದರೆ ಗಪ್ಪಿಯ ಹಾಗೆ ತೊಟ್ಟಿಯಲ್ಲಿಟ್ಟು ನೋಡಲಾಗುವುದಿಲ್ಲ. ಊಹೆಯೆಂದೇ ಕಲಿಸಿ.

ಇನ್ನೊಂದು ಕಡೆ ನಾವು ಜಾರಬಾರದು. ಭಯ ಉಪಯೋಗಕ್ಕೆ ಬಂತು ಎಂದರೆ ಆತಂಕದ ಕಾಯಿಲೆಯೂ ಉಪಯೋಗದ್ದು ಎಂದಲ್ಲ. ದಿನಕ್ಕೆ ಹತ್ತು ಸಲ ಟ್ರಿಪ್ ಆಗುವ ಸ್ವಿಚ್ಚನ್ನು "ಇದರ ಸ್ವಭಾವವೇ ಹೀಗೆ" ಎಂದು ಬಿಡುತ್ತೇವಾ? ಎಲ್ಲರಲ್ಲೂ ಭಯ ಯಾಕಿದೆ ಎಂಬುದಕ್ಕೆ ಈ ಲೆಕ್ಕ ಉತ್ತರ; ಈ ಒಂದು ಮಗುವಿಗೆ ಮಾತ್ರ ಇಷ್ಟು ಯಾಕೆ ಎಂದರೆ ಅನುವಂಶೀಯತೆ, ಮನೆ, ಅನುಭವ ಎಲ್ಲ ನೋಡಬೇಕು. ಪರೀಕ್ಷೆ ದಿನ ಹೊಟ್ಟೆನೋವೆಂದು ತಪ್ಪಿಸಿಕೊಂಡ ಮಗುವಿಗೆ ಆ ಹೊತ್ತಿಗೆ ಹಾಯೆನಿಸುತ್ತದೆ, ಮುಂದಿನ ಸಲ ಭಯ ಇನ್ನೂ ಗಟ್ಟಿಯಾಗುತ್ತದೆ. ಮೊದಲು ಐದು ಅಂಕದ ಟೆಸ್ಟ್, ಆಮೇಲೆ ಹತ್ತು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿ. ಊಟ, ನಿದ್ದೆ, ಶಾಲೆ ತಪ್ಪುವ ಮಟ್ಟಕ್ಕೆ ಹೋದರೆ ಮನೆಯವರನ್ನು ಕರೆಸಿ ಮಾತಾಡಿ, ಡಾಕ್ಟರರಿಗೆ ತೋರಿಸಲು ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ.