ಹತ್ತು ವರ್ಷದ ಪೆಡಲು, ನಾಲ್ಕು ವರ್ಷದ ಬ್ಯಾಟರಿ

ಕಳಮಶ್ಶೇರಿಯಿಂದ ವಲ್ಲಾರ್‌ಪಾಡಂ ಬಂದರಿಗೆ ಹೋಗುವ ಕಂಟೇನರ್ ರೋಡ್ ಎಂದರೆ ಕೊಚ್ಚಿಯ ಸೈಕಲ್ ಸವಾರರಿಗೆ ಅಚ್ಚುಮೆಚ್ಚು. ಏರಿಳಿತ ಕಡಿಮೆ, ಸಿಗ್ನಲ್ ಕಡಿಮೆ, ಅಕ್ಕಪಕ್ಕದಲ್ಲಿ ಹಿನ್ನೀರು. ತೊಂದರೆ ಏನೆಂದರೆ, ಅದೇ ರಸ್ತೆ ಟ್ರೇಲರ್ ಲಾರಿಗಳಿಗೂ ಅಚ್ಚುಮೆಚ್ಚು. ಓಡುವ ಲಾರಿಗಳು ಒಂದು ಕಡೆ, ದೀಪವಿಲ್ಲದೆ ಅಂಚಿನಲ್ಲಿ ನಿಂತ ಲಾರಿಗಳು ಇನ್ನೊಂದು ಕಡೆ. ಕೊಚ್ಚಿ ಇರುವುದು ಹತ್ತು ಡಿಗ್ರಿ ಅಕ್ಷಾಂಶದ ಆಸುಪಾಸು. ವರ್ಷದ ಯಾವ ತಿಂಗಳಲ್ಲೂ ಇಲ್ಲಿ ಸೂರ್ಯ ಆರಕ್ಕಿಂತ ಬಹಳ ಮುಂಚೆ ಏಳುವುದಿಲ್ಲ. ಬಿಸಿಲಿಗೆ ಹೆದರಿ ಬೆಳಗಿನ ಐದಕ್ಕೆ ಹೊರಡುವವರು ಏಪ್ರಿಲ್‌ನಲ್ಲೂ ಕತ್ತಲಲ್ಲೇ ತುಳಿಯಬೇಕು.

ಹಾಗಾಗಿ ಇಲ್ಲಿನ ಸವಾರರು ದೀಪಕ್ಕೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ಬೆಂಗಳೂರಿನಿಂದ ಬಂದು ಕೊಚ್ಚಿಯಲ್ಲಿ ನೆಲೆಸಿದ ಈ ಅಂಕಣಕಾರನೂ ಅವರಲ್ಲೊಬ್ಬ. ಆತನ ಪೆಡಲುಗಳು ಸವೆದು ಬದಲಿಸುವ ಕಾಲ ಬಂದಾಗ ಮನಸ್ಸು ಹೋದದ್ದು ಹೊಸ ಸರಕೊಂದರ ಮೇಲೆ: ಶೂ ಕಚ್ಚಿಕೊಳ್ಳುವ ಕ್ಲಿಪ್‌ಲೆಸ್ ಪೆಡಲು, ಅದರ ಮೈಯಲ್ಲೇ ಕೂತ ಎಲ್‌ಇಡಿ ದೀಪ.

ಕ್ಲಿಪ್‌ಲೆಸ್ ಪೆಡಲಿನ ಮೂಲ ಸೈಕಲ್ ಅಲ್ಲ, ಹಿಮ. ಸ್ಕೀಯಿಂಗ್‌ನಲ್ಲಿ ಬೂಟನ್ನು ಹಲಗೆಗೆ ಹಿಡಿದಿಡುವ, ಬಿದ್ದಾಗ ತಾನೇ ಬಿಟ್ಟುಕೊಡುವ ಬೈಂಡಿಂಗ್‌ಗಳನ್ನು ಮಾಡುತ್ತಿದ್ದ ಫ್ರಾನ್ಸ್‌ನ ಲುಕ್ ಕಂಪನಿ 1984ರಲ್ಲಿ ಅದೇ ಉಪಾಯವನ್ನು ಸೈಕಲ್ಲಿಗೆ ತಂದಿತು. ಮರುವರ್ಷ ಬರ್ನಾರ್ಡ್ ಇನೋ ಅದೇ ಪೆಡಲು ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ಪಾದಕ್ಕೆ ಕಟ್ಟುವ ಚರ್ಮದ ಪಟ್ಟಿಯ ಕಾಲ ಅಲ್ಲಿಗೆ ಮುಗಿಯುತ್ತ ಬಂತು. 1990ರಲ್ಲಿ ಜಪಾನಿನ ಶಿಮಾನೊ ತನ್ನ ಎಸ್‌ಪಿಡಿ ತಂದಿತು. ಪೆಡಲಿಗೆ ಸಿಕ್ಕಿಕೊಳ್ಳುವ ಅದರ ಕ್ಲೀಟ್ ಸಣ್ಣದು, ಲೋಹದ್ದು, ಶೂ ತಳದೊಳಗೆ ಹುದುಗಿರುತ್ತದೆ. ಈ ವ್ಯತ್ಯಾಸಕ್ಕೂ ಜೇಬಿಗೂ ಸಂಬಂಧವಿದೆ, ಮುಂದೆ ಹೇಳೋಣ.

ಈ ಓಟದಲ್ಲಿ ಕಳೆದುಹೋದದ್ದು ಒಂದಿದೆ. ನಮ್ಮ ಅಟ್ಲಾಸ್, ಹೀರೋ ಸೈಕಲ್ಲುಗಳ ಕಪ್ಪು ರಬ್ಬರಿನ ಪೆಡಲಿನ ಹಿಂದೆ-ಮುಂದೆ ಹಳದಿ ರಿಫ್ಲೆಕ್ಟರ್ ಇರುತ್ತಿತ್ತಲ್ಲ, ಅದು. ಹಾಲಿನವನ ಸೈಕಲ್ಲು ಕತ್ತಲಲ್ಲಿ ದೂರದಿಂದಲೇ ಗುರುತು ಸಿಗುತ್ತಿದ್ದದ್ದು ಮೇಲೆ ಕೆಳಗೆ ಕುಣಿಯುವ ಆ ಎರಡು ಚುಕ್ಕೆಗಳಿಂದ. ಜರ್ಮನಿಯಲ್ಲಿ ಪೆಡಲಿನ ಹಳದಿ ರಿಫ್ಲೆಕ್ಟರ್ ಇಂದಿಗೂ ರಸ್ತೆ ನಿಯಮದ ಭಾಗ. ಲಕ್ಷ ರೂಪಾಯಿಯ ರೋಡ್ ಬೈಕಿನ ಪೆಡಲಿಗೆ ಮಾತ್ರ ಆ ಹತ್ತು ರೂಪಾಯಿಯ ಪ್ಲಾಸ್ಟಿಕ್ ಚೂರನ್ನು ಕೂರಿಸಲು ಜಾಗವೇ ಇಲ್ಲ.

ಆ ಕುಣಿತದ ಬೆಲೆಯನ್ನು ಅಳೆದು ನೋಡಿದವರಿದ್ದಾರೆ. ಮನುಷ್ಯನ ಕೀಲುಗಳ ಮೇಲೆ ಬೆಳಕಿನ ಚುಕ್ಕೆಗಳನ್ನಿಟ್ಟರೆ, ಬೇರೇನೂ ಕಾಣದಿದ್ದರೂ ನೋಡುವವರು ಕ್ಷಣದಲ್ಲಿ ‘ಇದು ಮನುಷ್ಯ’ ಎಂದು ಹೇಳುತ್ತಾರೆ ಎಂಬುದನ್ನು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಯೊಹಾನ್ಸನ್ 1973ರಲ್ಲೇ ತೋರಿಸಿದ್ದರು. ಆಸ್ಟ್ರೇಲಿಯಾದ ಜೋಆನ್ ವುಡ್ ಮತ್ತು ಸಂಗಡಿಗರು ಮುಚ್ಚಿದ ರಸ್ತೆಯೊಂದರಲ್ಲಿ ರಾತ್ರಿ ಚಾಲಕರನ್ನು ಕಾರು ಓಡಿಸಲು ಬಿಟ್ಟು ಪರೀಕ್ಷಿಸಿದರು. 2012ರ ಹೊತ್ತಿಗೆ ಫಲಿತಾಂಶ ಅಚ್ಚಾಯಿತು. ಕಪ್ಪು ಬಟ್ಟೆಯ ಸವಾರ ಚಾಲಕರ ಕಣ್ಣಿಗೆ ಬಿದ್ದದ್ದು ಶೇ 2ರಷ್ಟು ಸಲ. ರಿಫ್ಲೆಕ್ಟರ್ ಜಾಕೆಟ್ ತೊಟ್ಟಾಗ ಶೇ 50. ಅದೇ ಜಾಕೆಟ್ಟಿನ ಜೊತೆ ಕಾಲಿನ ಹರಡು ಮತ್ತು ಮೊಣಕಾಲಿಗೆ ರಿಫ್ಲೆಕ್ಟರ್ ಪಟ್ಟಿ ಸುತ್ತಿದಾಗ ಶೇ 90. ಸೀಟಿನ ಕೆಳಗೆ ಒಂದೇ ಸಮನೆ ಉರಿಯುವ ಕೆಂಪು ದೀಪ ಸ್ಕೂಟರಿನದ್ದೂ ಆಗಿರಬಹುದು, ರಸ್ತೆ ಕಾಮಗಾರಿಯ ಬ್ಯಾರಿಕೇಡಿನದ್ದೂ ಆಗಿರಬಹುದು. 170 ಮಿಲಿಮೀಟರ್ ಕ್ರ್ಯಾಂಕಿನ ತುದಿಯಲ್ಲಿ ಸುಮಾರು ಒಂದಡಿಯಷ್ಟು ಮೇಲೆ ಕೆಳಗೆ ಹೋಗುವ ಬೆಳಕು ಸೈಕಲ್ಲಿನದ್ದೇ.

ಅಂದರೆ ಪೆಡಲಿಗೆ ದೀಪ ಎಂಬ ಆಲೋಚನೆ ಶೋಕಿಯಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಪೆಡಲೈಟ್ ಎಂಬ ಬ್ರಿಟಿಷ್ ಸರಕು ಬಂದಿತ್ತು. ಬ್ಯಾಟರಿ ಬೇಡ, ತುಳಿತದಿಂದಲೇ ವಿದ್ಯುತ್ತು. ಆಮೇಲೆ ಅಮೆರಿಕದ ರೆಡ್‌ಶಿಫ್ಟ್ ಕಂಪನಿ ಆರ್ಕ್‌ಲೈಟ್ ಎಂಬ ಚಪ್ಪಟೆ ಪೆಡಲನ್ನು ತಂದಿತು. ಪೆಡಲು ಯಾವ ಕಡೆ ತಿರುಗಿದರೂ ಅದರ ಮುಂಬದಿ ಬಿಳಿ, ಹಿಂಬದಿ ಕೆಂಪು ಆಗುವಂತೆ ಒಳಗಿನ ಸೆನ್ಸರ್ ನೋಡಿಕೊಳ್ಳುತ್ತದೆ. ಲುಕ್ ಕಂಪನಿ ಜಿಯೊ ಟ್ರೆಕ್ಕಿಂಗ್ ವಿಷನ್ ಎಂಬ ಪೆಡಲಿಗೆ ಕಳಚಿ ಚಾರ್ಜ್ ಮಾಡಬಹುದಾದ ದೀಪ ಕೊಟ್ಟಿತು. ಕಷ್ಟ ಇರುವುದು ಅಪ್ಪಟ ರೋಡ್ ಪೆಡಲಿನಲ್ಲಿ. ಅದಕ್ಕೆ ಒಂದೇ ಮುಖ. ಮೇಲ್ಭಾಗವನ್ನೆಲ್ಲ ಕ್ಲೀಟ್ ಆವರಿಸುತ್ತದೆ, ಮುಂಭಾಗವನ್ನು ಶೂ ಮುಚ್ಚುತ್ತದೆ. ದೀಪಕ್ಕೆ ಉಳಿಯುವುದು ಹಿಂಬದಿಯ ಬೆರಳಗಲದ ಜಾಗ. ಅಷ್ಟರಲ್ಲೇ ಬ್ಯಾಟರಿಯೂ ಕೂರಬೇಕು, ನೀರೂ ಇಳಿಯಬಾರದು.

ಈಗ ಹಣದ ಮಾತು.

ಇಂಥ ಪೆಡಲುಗಳ ಬೆಲೆ ನೂರು ಡಾಲರಿನಿಂದ ಮೇಲಕ್ಕೇ. ಹೊರಗಿನಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಸುಂಕ, ಅದರ ಮೇಲೆ ಐಜಿಎಸ್‌ಟಿ, ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ. ಕ್ರೆಡಿಟ್ ಕಾರ್ಡಿನವರು ವಿದೇಶಿ ಹಣದ ಪಾವತಿಗೆ ಸಾಮಾನ್ಯವಾಗಿ ಶೇ 2ರಿಂದ 3.5ರಷ್ಟು ಹೆಚ್ಚುವರಿ ಹಿಡಿಯುತ್ತಾರೆ, ಆ ಹೆಚ್ಚುವರಿಗೂ ಜಿಎಸ್‌ಟಿ ಬೇರೆ. ಇತ್ತ ದೇಶದೊಳಗೆ 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಅಂಗಡಿಯಲ್ಲೇ ಸಿಗುವ ಸಾಮಾನ್ಯ ಪೆಡಲು ಅಷ್ಟರಮಟ್ಟಿಗೆ ಅಗ್ಗವಾಗಿದೆ.

ಬೆಲೆ ದುಬಾರಿ ಎಂಬುದಷ್ಟೇ ಆಗಿದ್ದರೆ ಅಂಕಣಕಾರ ಕಣ್ಣುಮುಚ್ಚಿ ಕೊಳ್ಳುತ್ತಿದ್ದನೇನೋ. ತಡೆದದ್ದು ಎರ್ನಾಕುಲಂನ ಮೆಕ್ಯಾನಿಕ್ ಒಬ್ಬರು. ಮೊಬೈಲಿನಲ್ಲಿ ಚಿತ್ರ ನೋಡಿ ಅವರು ಕೇಳಿದ್ದು ಒಂದೇ: “ಸಾರೇ, ಬ್ಯಾಟರಿ ಹೋದರೆ ಪೆಡಲೂ ಹೋಯಿತಾ, ಇಲ್ಲಾ ಬ್ಯಾಟರಿ ಮಾತ್ರ ಹೋಯಿತಾ?”

ಒಳ್ಳೆಯ ಪೆಡಲಿನ ಆಯುಸ್ಸು ದೊಡ್ಡದು. ಬೇರಿಂಗ್ ಬಿಚ್ಚಿ ಗ್ರೀಸ್ ಹಾಕಿಸುತ್ತಿದ್ದರೆ ಹತ್ತು ವರ್ಷ ಧಾರಾಳವಾಗಿ ಬರುತ್ತದೆ. ಲಿಥಿಯಂ ಬ್ಯಾಟರಿಯ ಆಯುಸ್ಸು ಹಾಗಲ್ಲ. ಶಾಖಕ್ಕೆ ಸೊರಗುತ್ತದೆ, ಖಾಲಿಯಾಗಿ ಬಿದ್ದಿದ್ದರೆ ಇನ್ನೂ ಬೇಗ ಸಾಯುತ್ತದೆ. ಕೇರಳದಲ್ಲಿ ಇಡವಪ್ಪಾದಿ, ಅಂದರೆ ಮುಂಗಾರು ಮಳೆ ಹಿಡಿಯಿತೆಂದರೆ ಎಷ್ಟೋ ರೋಡ್ ಬೈಕುಗಳು ವಾರಗಟ್ಟಲೆ ವರಾಂಡದಲ್ಲೇ ಒರಗಿರುತ್ತವೆ. ಮಳೆಗೆ ಮುಂಚೆ ಅರ್ಧ ಚಾರ್ಜ್ ಮಾಡಿಡಬೇಕೆಂದು ನೆನಪಿಡುವವರು ಎಷ್ಟು ಜನ? ಮೇಲಿಂದ ಕಡಲಿನ ಉಪ್ಪುಗಾಳಿ, ಕೆಸರು. ಪೆಡಲು ಸೈಕಲ್ಲಿನಲ್ಲಿ ನೆಲಕ್ಕೆ ಹತ್ತಿರ ಇರುವ ಭಾಗಗಳಲ್ಲೊಂದು. ಮುಂದಿನ ಚಕ್ರ ಎರಚುವ ನೀರೆಲ್ಲ ಬೀಳುವುದು ಅಲ್ಲಿಗೇ. ದೀಪವನ್ನು ಪೆಡಲಿನೊಳಗೆ ಶಾಶ್ವತವಾಗಿ ಹುದುಗಿಸುವುದೆಂದರೆ ಬಲ್ಬು ಸುಟ್ಟರೆ ಗೋಡೆ ಒಡೆಯಬೇಕಾದ ಮನೆ ಕಟ್ಟಿದ ಹಾಗೆ.

ಅಂಕಣಕಾರ ಕಾಗದದ ಮೇಲೆ ಹಾಕಿದ ಲೆಕ್ಕ ಹೀಗಿತ್ತು. ಎಲ್ಲ ಸೇರಿ 15,000 ರೂಪಾಯಿಗೆ ದೀಪದ ಪೆಡಲು ಮನೆಗೆ ಬಂತು ಎಂದುಕೊಳ್ಳೋಣ. ಬ್ಯಾಟರಿ ಬೇರೆ ಸಿಗುವುದಿಲ್ಲ, ನಾಲ್ಕು ವರ್ಷಕ್ಕೆ ಅದು ಮುಗಿಯಿತು. ದೀಪಕ್ಕಾಗಿಯೇ ಕೊಂಡ ಪೆಡಲು ಅಲ್ಲಿಗೆ ಬರೀ ಪೆಡಲು. ವರ್ಷಕ್ಕೆ 3,750 ರೂಪಾಯಿ. ಇನ್ನೊಂದು ಕಡೆ, 4,500 ರೂಪಾಯಿಯ ಸಾದಾ ಕ್ಲಿಪ್‌ಲೆಸ್ ಪೆಡಲು ಹತ್ತು ವರ್ಷಕ್ಕೆ, ವರ್ಷಕ್ಕೆ 450. ಎರಡು ಸಾವಿರದ ಒಳ್ಳೆಯ ಟೇಲ್‌ಲೈಟ್ ನಾಲ್ಕು ವರ್ಷಕ್ಕೆ, ವರ್ಷಕ್ಕೆ 500. ಹರಡಿಗೆ ಸುತ್ತುವ ರಿಫ್ಲೆಕ್ಟರ್ ಪಟ್ಟಿ ಒಂದು ಜೊತೆ 300 ರೂಪಾಯಿ, ಎರಡು ವರ್ಷಕ್ಕೊಮ್ಮೆ ಬದಲು, ವರ್ಷಕ್ಕೆ 150. ಒಟ್ಟು 1,100. ವ್ಯತ್ಯಾಸ 2,650.

ಪಟ್ಟಿ ಮತ್ತು ದೀಪ ಒಂದೇ ಅಲ್ಲ, ನಿಜ. ಪಟ್ಟಿ ಹೊಳೆಯುವುದು ಹೆಡ್‌ಲೈಟ್ ಬಿದ್ದರೆ ಮಾತ್ರ. ಅಡ್ಡರಸ್ತೆಯಿಂದ ನುಗ್ಗುವ ಆಟೊದವರಿಗೆ ಅದು ಕಾಣುವುದಿಲ್ಲ. ಆದರೆ ಹಿಂದಿನಿಂದ ಬರುವ ಲಾರಿಗೆ ಅದು ಸಾಕಷ್ಟು ಕಾಣುತ್ತದೆ, ಮತ್ತು ಕಂಟೇನರ್ ರೋಡಿನಲ್ಲಿ ಭಯ ಇರುವುದೇ ಬೆನ್ನ ಹಿಂದೆ. ಅಂಕಣಕಾರ ಸಾದಾ ಎಸ್‌ಪಿಡಿ ಪೆಡಲನ್ನೂ ಪಟ್ಟಿಯನ್ನೂ ಕೊಂಡ.

ಎಸ್‌ಪಿಡಿಯನ್ನೇ ಆರಿಸಿದ್ದಕ್ಕೂ ಲೆಕ್ಕವಿದೆ. ರೋಡ್ ಕ್ಲೀಟ್ ಪ್ಲಾಸ್ಟಿಕ್ಕಿನದು, ಶೂ ತಳದಿಂದ ಹೊರಗೆ ಚಾಚಿರುತ್ತದೆ. ಸೈಕಲ್ ಮೇಲೆ ಅದು ಸವೆಯುವುದು ಕಡಿಮೆ, ನಡೆದಾಗ ಹೆಚ್ಚು. ಯುರೋಪಿನ ರೇಸಿನವರು ಸೈಕಲ್ಲಿನಿಂದ ಇಳಿಯುವುದು ಗೆದ್ದ ಮೇಲೆ. ಕೇರಳದವರು ಇಳಿಯುವುದು ರಸ್ತೆಬದಿಯ ಪ್ರತಿ ತಿಂಡಿಯಂಗಡಿಯ, ತಟ್ಟುಕಡದ ಮುಂದೆ. ಪುಟ್ಟು, ಕಡಲೆ, ಕಟ್ಟನ್ ಚಾಯ. ಒದ್ದೆ ಟೈಲ್ಸ್ ಮೇಲೆ ಪ್ಲಾಸ್ಟಿಕ್ ಕ್ಲೀಟ್ ತೊಟ್ಟು ನಡೆದವರಿಗೆ ಬೀಳುವ ಅಪಾಯ ರಸ್ತೆಗಿಂತ ಹೋಟೆಲಿನಲ್ಲೇ ಹೆಚ್ಚು. ಹೀಗೆ ತಿರುಗುವವರಿಗೆ ಕ್ಲೀಟ್ ಬದಲಿಸುವ ಖರ್ಚು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಪೆಡಲು ಕೊಳ್ಳುವ ದಿನ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮತ್ತೆ ದೀಪದ ಲೆಕ್ಕಕ್ಕೆ ಬರೋಣ. ಕೊಚ್ಚಿಯಿಂದ ತಿರುವನಂತಪುರಕ್ಕೆ ಆಲಪ್ಪುಳ, ಕೊಲ್ಲಂ ಹಾದಿಯಲ್ಲಿ ಇನ್ನೂರು ಕಿಲೋಮೀಟರಿಗೆ ತುಸು ಹೆಚ್ಚು. ದೂರ ತುಳಿಯುವವರ ಬಿಆರ್‌ಎಂ ಸವಾರಿಯಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆಯ ಗಡುವು. ಅಲ್ಲಿ ದೀಪವೂ ರಿಫ್ಲೆಕ್ಟರ್ ಜಾಕೆಟ್ಟೂ ಇಲ್ಲದೆ ರಾತ್ರಿ ರಸ್ತೆಗೆ ಬಿಡುವುದಿಲ್ಲ. ಪೆಡಲಿನ ದೀಪ ಇದೆ ಎಂದು ಟೇಲ್‌ಲೈಟ್ ಬಿಡುವ ಹಾಗಿಲ್ಲ. ದುಬಾರಿ ಪೆಡಲು ಕೊಂಡವರೂ ಆ ಎರಡು ಸಾವಿರವನ್ನು ಹೇಗೂ ಕೊಡಲೇಬೇಕು ಎಂದಾಯಿತು. ಮೇಲಿನ ಲೆಕ್ಕದಲ್ಲಿ ಅದನ್ನು ಕೂಡಿದರೆ ಅಂತರ ಇನ್ನೂ ಹಿಗ್ಗುತ್ತದೆ. ಕೊಚ್ಚಿಯ ಒಳಗೇ ದೀಪ ಕೈಕೊಟ್ಟರೆ ಬೇರೆ ದಾರಿಯಿದೆ: 2020ರ ನವೆಂಬರ್‌ನಿಂದ ಇಲ್ಲಿನ ಮೆಟ್ರೊ ರೈಲಿನಲ್ಲಿ ಸೈಕಲ್ ಒಯ್ಯಲು ಅವಕಾಶವಿದೆ.

ಕಾಣಿಸಿಕೊಳ್ಳುವುದಕ್ಕೆ ಸಾವಿರಗಳನ್ನು ಸುರಿಯುವವರಲ್ಲಿ ಹಲವರು ಇಪ್ಪತ್ತು ರೂಪಾಯಿಯ ಕೆಲಸವನ್ನು ಬಿಟ್ಟಿರುತ್ತಾರೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವಾರ್ಷಿಕ ಕಂತು 2022ರ ಜೂನ್‌ನಿಂದ 20 ರೂಪಾಯಿ. 18ರಿಂದ 70 ವರ್ಷದವರಿಗೆ ಅಪಘಾತದ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ ಎರಡು ಲಕ್ಷ. ಬ್ಯಾಂಕ್ ಖಾತೆಯಿಂದ ಕಂತು ಕಡಿತವಾಗಿದೆಯೇ ಎಂದು ಜೂನ್‌ನಲ್ಲೊಮ್ಮೆ ಪಾಸ್‌ಬುಕ್ ನೋಡಬೇಕು, ಅಷ್ಟೆ. ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದರೆ 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಡಿ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000. ಮೋಟಾರು ವಾಹನದಿಂದಾದ ಅಪಘಾತಕ್ಕೆ ಏಳು ದಿನದವರೆಗೆ ಒಂದೂವರೆ ಲಕ್ಷದಷ್ಟು ನಗದುರಹಿತ ಚಿಕಿತ್ಸೆ 2025ರ ಮೇ ತಿಂಗಳಲ್ಲಿ ಬಂದಿದೆ. ಗಾಯಗೊಂಡವನು ಸೈಕಲ್ಲಿನಲ್ಲಿದ್ದರೂ ಇವು ಅನ್ವಯಿಸುತ್ತವೆ ಎಂಬುದು ಎಷ್ಟೋ ಸವಾರರಿಗೆ ಗೊತ್ತಿಲ್ಲ.

ಈ ಲೆಕ್ಕವನ್ನೆಲ್ಲ ತಿರುವನಂತಪುರದಲ್ಲಿ ಅಂಕಣಕಾರ ತನ್ನ ಗೆಳೆಯರೊಬ್ಬರ ಮುಂದೆ ಹರಡಿದ. ಉಡುಪಿ ಕಡೆಯವರು, ಟೆಕ್ನೊಪಾರ್ಕಿನಲ್ಲಿ ಕೆಲಸ, ಕಳಕ್ಕೂಟಂನಿಂದ ಬೈಪಾಸ್ ಹಿಡಿದು ದಿನವೂ ಸೈಕಲ್ಲಿನಲ್ಲೇ ಓಡಾಟ, ಹೆಚ್ಚಿನ ಪಾಲು ರಾತ್ರಿ. ಕೌಡಿಯಾರ್–ವೆಳ್ಳಯಂಬಲಂ ರಸ್ತೆಯ ಬೀದಿದೀಪದ ಕೆಳಗೆ ಭಾನುವಾರ ಸುತ್ತುವವರಲ್ಲ.

“ಎಂತ ಮಾರಾಯ್ರೆ, ವರ್ಷಕ್ಕೆ ಎರಡು ಸಾವಿರದ ಆರುನೂರು ಅಂದ್ರೆ ತಿಂಗಳಿಗೆ ಇನ್ನೂರು ಚಿಲ್ಲರೆ,” ಎಂದರು ಅವರು. “ನಾನು ಬರುವುದು ಒಂಬತ್ತಕ್ಕೆ. ಎಂಟೂವರೆಗೇ ಮನೆಯಿಂದ ಫೋನ್ ಶುರು. ಆ ಫೋನ್ ನಿಲ್ಲುವುದಾದರೆ ಅದಕ್ಕೆ ನಿಮ್ಮ ಲೆಕ್ಕದಲ್ಲಿ ಎಷ್ಟು ಹಾಕಿದ್ದೀರಿ?”

ಹಾಕಿರಲಿಲ್ಲ. ಭಾನುವಾರದ ಸವಾರನಿಗೂ ದಿನನಿತ್ಯ ಕತ್ತಲಲ್ಲಿ ತುಳಿಯುವವರಿಗೂ ಒಂದೇ ಕಾಲಂ ಹೊಂದುವುದಿಲ್ಲ. ಅವರಿಗೆ ಬೀಳುವ ಖರ್ಚು ರಾತ್ರಿಗೆ ಹತ್ತು ರೂಪಾಯಿ ಕೂಡ ಅಲ್ಲ. ಆದರೂ ಒಂದು ಷರತ್ತನ್ನು ಅವರು ಒಪ್ಪಿಕೊಂಡರು: ದೀಪ ಕಳಚುವಂಥದ್ದೇ ಆಗಬೇಕು, ಬಿಡಿ ದೀಪ ಬೇರೆಯಾಗಿ ಮಾರಾಟಕ್ಕಿರಬೇಕು. ಜರ್ಮನಿಯಿಂದ ರಜೆಗೆ ಬರುವ ಭಾವನಿಗೆ ಹೇಳಿದ್ದಾರೆ. ಬ್ಯಾಗೇಜ್ ಮಿತಿಯೊಳಗೆ ಬಂದರೆ ಸುಂಕವಿಲ್ಲ. ಲಿಥಿಯಂ ಬ್ಯಾಟರಿಯಾದ್ದರಿಂದ ಕಳಚಿದ ದೀಪಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ವಾರಂಟಿಗೆಂದು ಪೆಡಲನ್ನು ಮತ್ತೆ ಜರ್ಮನಿಗೆ ಕಳಿಸುವ ಖರ್ಚನ್ನು ಅಂಕಣಕಾರ ನೆನಪಿಸಿದ. ಅದಕ್ಕವರು ನಕ್ಕು, ಬಿಡಿ ದೀಪ ಒಂದು ಜೊತೆ ಹೆಚ್ಚಿಗೆ ತರಲು ಹೇಳಿದ್ದೇನೆ ಎಂದರು. ಅದರ ಬಿಲ್ಲು ಬಂದ ಮೇಲೆ ಹತ್ತು ವರ್ಷದ ಮೊತ್ತವನ್ನು ಇನ್ನೊಮ್ಮೆ ಕೂಡಬೇಕಿದೆ.