ದಿನದ ದುಡಿಮೆಗೆ ತಕ್ಕ ಆಸನ

ಎತ್ತಿನ ಹೆಗಲಿನ ಮೇಲೆ ಬಾವು ಕಂಡರೆ ಒಕ್ಕಲಿಗನು ಅಂದೇ ನೊಗ ಇಳಿಸಿ ಉಪಚಾರ ಮಾಡುತ್ತಾನೆ. ತನ್ನ ಸೊಂಟ ನೋಯುತ್ತಿದ್ದರೆ ಮಾತ್ರ "ದುಡಿಯುವವರಿಗೆ ಇದು ಇದ್ದದ್ದೇ" ಎಂದು ಸುಮ್ಮನಾಗುತ್ತಾನೆ. ಆದವಾನಿ, ಆಲೂರು, ಕೋಸಿಗಿ, ಮಂತ್ರಾಲಯದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಮೈಯೇ ಬಂಡವಾಳವಾಗಿರುವ ಮನೆಗಳು ಬಹಳ. ಮಳೆ ಕೈಕೊಟ್ಟ ವರ್ಷ ಎಷ್ಟೋ ಸಂಸಾರಗಳು ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರು ಸೀಮೆಗೆ ಗುಳೆ ಹೋಗುತ್ತವೆ. ಅಲ್ಲಿ ಸೊಂಟ ಹಿಡಿದು ಮಲಗಿದರೆ ಅಂದಿನ ಕೂಲಿ ಹೋದಂತೆಯೇ. ಆದುದರಿಂದ ಈ ವಾರ ಬೀಜ ಗೊಬ್ಬರದ ಮಾತನ್ನು ಬದಿಗಿಟ್ಟು, ಬೀಜ ಬಿತ್ತುವ ಮೈಯ ಮಾತನ್ನು ಆಡೋಣ.

2025ರಲ್ಲಿ ಆಂಧ್ರ ಸರಕಾರವು 'ಯೋಗಾಂಧ್ರ' ಎಂಬ ಹೆಸರಿನಲ್ಲಿ ಒಂದು ತಿಂಗಳು ಯೋಗದ ಪ್ರಚಾರ ಮಾಡಿ, ಜೂನ್ 21ರಂದು ವಿಶಾಖಪಟ್ಟಣದಲ್ಲಿ ದೊಡ್ಡ ಸಮಾರಂಭ ನಡೆಸಿತು. ಆಗ ಕಲಿತವರಲ್ಲಿ ಎಷ್ಟು ಮಂದಿ ಮುಂದುವರಿಸಿದ್ದೀರಿ? ಒಂದೇ ಮಳೆಗೆ ಬೆಳೆ ಕೈಗೆ ಬಾರದು. ಒಂದೇ ದಿನದ ಉತ್ಸವಕ್ಕೆ ಸೊಂಟ ಗಟ್ಟಿಯಾಗದು. ದಿನಕ್ಕೆ ಹತ್ತು ನಿಮಿಷವಾದರೂ ಸಾಕು, ಅದು ತಪ್ಪಬಾರದು. ಕಲಿಸುವವರು ಊರಿನಲ್ಲಿಲ್ಲ ಎನ್ನುವವರಿಗೆ ಈಗ ಮೊಬೈಲಿನಲ್ಲಿ ಐದು, ಹತ್ತು ನಿಮಿಷದ ಯೋಗದ ವಿಡಿಯೋಗಳು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಸಿಗುತ್ತವೆ. ಆಸನಗಳ ಹೆಸರು ಎರಡೂ ಭಾಷೆಗಳಲ್ಲಿ ಒಂದೇ ಆಗಿರುವುದರಿಂದ ತೊಡಕಿಲ್ಲ. ಮನೆಯ ಹಿರಿಯರಿಗಾಗಿ ಮಾತ್ರ ಕನ್ನಡದ್ದನ್ನೇ ಆರಿಸಿರಿ.

ಚಿತ್ರ ನೋಡಿ ಯೋಗ ಕಲಿಯುವುದು ಹೊಸದೇನೂ ಅಲ್ಲ. ಮೈಸೂರಿನಲ್ಲಿ ಯೋಗ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿಯೇ 'ಯೋಗ ಮಕರಂದ' ಎಂಬ ಪುಸ್ತಕವನ್ನು ಕನ್ನಡದಲ್ಲಿ ಛಾಯಾಚಿತ್ರಗಳೊಡನೆ ಹೊರತಂದರು. 1938ರಲ್ಲಿ ಅವರೂ ಅವರ ಶಿಷ್ಯ ಬಿ. ಕೆ. ಎಸ್. ಅಯ್ಯಂಗಾರ್ಯರೂ ಆಸನ ಹಾಕುವುದನ್ನು ಚಲನಚಿತ್ರವಾಗಿ ತೆಗೆಯಲಾಯಿತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಅಯ್ಯಂಗಾರ್ಯರು ಬಾಲ್ಯದಲ್ಲಿ ರೋಗದಿಂದ ಬಳಲಿದವರು. ಮುಂದೆ ಅವರು ಮೈ ಬಗ್ಗದವರಿಗೆ ಗೋಡೆ, ಕುರ್ಚಿ, ಹಗ್ಗ, ಕಂಬಳಿಗಳ ಆಸರೆ ಕೊಟ್ಟು ಕಲಿಸಿದರು. ಆಸರೆ ಹಿಡಿಯುವುದು ನಾಚಿಕೆಯ ಮಾತಲ್ಲ ಎಂಬುದನ್ನು ನಾವು ಇದರಿಂದ ತಿಳಿಯಬೇಕು.

ಆದರೆ ಗುರುವಿಗೂ ವಿಡಿಯೋಗೂ ಒಂದು ವ್ಯತ್ಯಾಸವುಂಟು. ಗುರು ನಮ್ಮನ್ನು ನೋಡುತ್ತಾನೆ, ತಪ್ಪಿದರೆ ತಡೆಯುತ್ತಾನೆ. ವಿಡಿಯೋ ನಮ್ಮನ್ನು ನೋಡಲಾರದು. ನಾವು ಬೆಳಗಿನಿಂದ ಏನು ಕೆಲಸ ಮಾಡಿ ಬಂದಿದ್ದೇವೆ ಎಂಬುದೂ ಅದಕ್ಕೆ ತಿಳಿಯದು. ಕೇಂದ್ರದ ಆಯುಷ್ ಇಲಾಖೆ 2021ರಲ್ಲಿ ಮೊಬೈಲಿಗೆ ಬಿಟ್ಟ 'ವೈ-ಬ್ರೇಕ್' ಎಂಬ ಐದು ನಿಮಿಷದ ಪಾಠವು ಕಚೇರಿಯಲ್ಲಿ ಕುಳಿತು ದುಡಿಯುವವರನ್ನು ನೆನೆದು ಮಾಡಿದ್ದು. ನಮ್ಮ ಹೆಣ್ಣುಮಕ್ಕಳಾದರೋ ಇಡೀ ದಿನ ಬಗ್ಗಿ ಕಳೆ ತೆಗೆದು, ಶೇಂಗಾ ಕಿತ್ತು ಬಂದಿರುತ್ತಾರೆ. ಅಂಥವರು ಸಂಜೆ ಮತ್ತೆ ಮುಂದಕ್ಕೆ ಬಗ್ಗಿ ಕಾಲಬೆರಳು ಮುಟ್ಟುವ ಪಾಠವನ್ನೇ ಹಿಡಿದರೆ, ದಣಿದ ಸೊಂಟಕ್ಕೆ ಇನ್ನಷ್ಟು ದಣಿವಾಗುತ್ತದೆ. ಬಗ್ಗಿ ದುಡಿದ ಮೈಗೆ ನೆಟ್ಟಗೆ ನಿಲ್ಲುವ, ಮೆಲ್ಲಗೆ ಹಿಂದಕ್ಕೆ ಬಾಗುವ ಆಸನ ಮೊದಲು ಬೇಕು. ವಿಡಿಯೋ ಆರಿಸುವಾಗ ನೆನಪಿಡಬೇಕಾದ ಮುಖ್ಯ ಮಾತು ಇದು.

ಹತ್ತು ನಿಮಿಷಕ್ಕೆ ಈ ಐದು ಆಸನಗಳು ಸಾಕು. ಇವೇ ಇರುವ ಪಾಠವನ್ನು ಹುಡುಕಿಕೊಳ್ಳಿರಿ.

1. ತಾಡಾಸನ: ಪಾದಗಳ ನಡುವೆ ಎರಡು ಅಂಗುಲ ಬಿಟ್ಟು ನಿಲ್ಲಬೇಕು. ಬೆರಳು ಹೆಣೆದು, ಉಸಿರು ತೆಗೆದುಕೊಳ್ಳುತ್ತ ಕೈ ಮೇಲೆತ್ತಬೇಕು. ತೂಗಾಡುವವರು ಹಿಮ್ಮಡಿ ಎತ್ತಬೇಕಾಗಿಲ್ಲ.

2. ಕಟಿಚಕ್ರಾಸನ: ಕಾಲು ಅಗಲಿಸಿ, ಕೈಗಳನ್ನು ಹೆಗಲ ಮಟ್ಟಕ್ಕೆ ಮುಂದೆ ಚಾಚಿ, ಉಸಿರು ಬಿಡುತ್ತ ಬಲಕ್ಕೆ ತಿರುಗಬೇಕು, ಮರಳಿ ಬಂದು ಎಡಕ್ಕೆ. ಜೋರಾಗಿ ತಿರುಚಬಾರದು.

3. ಅರ್ಧಚಕ್ರಾಸನ: ಅಂಗೈಗಳನ್ನು ಸೊಂಟಕ್ಕೆ ಆಸರೆ ಕೊಟ್ಟು ಸ್ವಲ್ಪವೇ ಹಿಂದಕ್ಕೆ ಬಾಗಬೇಕು. ತಲೆ ತಿರುಗುವವರು ಇದನ್ನು ಬಿಡಲಿ.

4. ಭುಜಂಗಾಸನ: ಬೋರಲು ಮಲಗಿ, ಅಂಗೈಗಳನ್ನು ಎದೆಯ ಪಕ್ಕದಲ್ಲಿ ಊರಿ, ಉಸಿರು ತೆಗೆದುಕೊಳ್ಳುತ್ತ ಎದೆ ಎತ್ತಬೇಕು. ಹೊಕ್ಕುಳಿನ ಕೆಳಗಿನ ಭಾಗ ನೆಲ ಬಿಡಬಾರದು.

5. ಶವಾಸನ: ಅಂಗಾತ ಮಲಗಿ, ಕೈಕಾಲು ಸಡಿಲ ಬಿಟ್ಟು, ಉಸಿರಿನ ಮೇಲೆ ಗಮನವಿಡಬೇಕು. ಕೊನೆಯ ಮೂರು ನಿಮಿಷ ಇದಕ್ಕೆ ಮೀಸಲು.

ಮೊದಲನೆಯ ದಿನ ಪಾಠವನ್ನು ಸುಮ್ಮನೆ ಕುಳಿತು ನೋಡಿರಿ. ಮಾಡುವುದು ಎರಡನೆಯ ದಿನ. ನಾವು ಹಾಗೆ ಮಾಡದೆ, ಮೊಬೈಲನ್ನು ಚಾಪೆಯ ಮೇಲಿಟ್ಟು ಇಣುಕುತ್ತ ಆಸನ ಹಾಕಲು ಹೋಗಿ, ಎರಡು ದಿನ ಕತ್ತು ನೋಯಿಸಿಕೊಂಡೆವು. ಬಳಿಕ ಅದನ್ನು ಗೋಡೆಯ ಗೂಡಿನಲ್ಲಿ ಕಣ್ಣಿನ ಮಟ್ಟಕ್ಕೆ ಇಟ್ಟೆವು. ಒಂದು ವಾರ ಕಳೆಯುವುದರೊಳಗೆ ನೋಡುವ ಅಗತ್ಯವೇ ಉಳಿಯಲಿಲ್ಲ, ಧ್ವನಿ ಕೇಳಿದರೆ ಸಾಕಾಯಿತು. ದಿನಕ್ಕೊಂದು ಹೊಸ ವಿಡಿಯೋ ಹಿಡಿದರೆ ಈ ರೂಢಿ ಬಾರದು. ಒಂದನ್ನೇ ಒಂದು ತಿಂಗಳು ಬಿಡದೆ ಮಾಡಿರಿ.

ಹೊಟ್ಟೆ ಖಾಲಿಯಿರಬೇಕು. ಬೆಳಗಿನ ತಂಪು ಹೊತ್ತು ಒಳ್ಳೆಯದು. ನಸುಕಿನಲ್ಲೇ ಹೊಲಕ್ಕೆ ಹೊರಡುವವರು ಸಂಜೆ ಮೈ ತೊಳೆದು, ತುಸು ದಣಿವಾರಿಸಿಕೊಂಡು, ರೊಟ್ಟಿ ಉಣ್ಣುವ ಮುಂಚೆ ಮಾಡಬಹುದು. ಜಮಖಾನವೋ ಕಂಬಳಿಯೋ ಇದ್ದರೆ ಸಾಕು. ಬಸುರಿಯರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ರಕ್ತದೊತ್ತಡ ಇಲ್ಲವೆ ಹೃದಯದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ತೊಡಗಬಾರದು. ನೋವು ಕಾಲಿಗಿಳಿದು ಜೋಮು ಹಿಡಿದರೆ, ಕಾಲಿನ ಶಕ್ತಿ ಕುಂದಿದರೆ, ಆಸನ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿರಿ. ಮಲಮೂತ್ರದ ಹಿಡಿತ ತಪ್ಪಿದರಂತೂ ಒಂದು ಗಳಿಗೆಯೂ ತಡಮಾಡಬಾರದು. ಅದು ವಿಡಿಯೋದಿಂದ ವಾಸಿಯಾಗುವ ನೋವಲ್ಲ.

ಗುಳೆ ಹೋಗುವವರು ಹೊರಡುವ ಮುಂಚೆ ಆ ಪಾಠವನ್ನು ಮೊಬೈಲಿನಲ್ಲಿ ಇಳಿಸಿಟ್ಟುಕೊಳ್ಳಲಿ. ಹೊಲದ ಗುಡಿಸಲಲ್ಲಿ ಸಿಗ್ನಲ್ ಸಿಗದಿದ್ದರೂ ಅದು ನಡೆಯುತ್ತದೆ. ಗಂಟುಮೂಟೆಗೆ ಅದರಿಂದ ಭಾರವಿಲ್ಲ. ಒಂದು ತಿಂಗಳಾದ ಮೇಲೆ ನೀರಿನ ಕೊಡ ಎತ್ತುವಾಗ, ಬಗ್ಗಿ ಏಳುವಾಗ ಸೊಂಟ ಏನು ಹೇಳುತ್ತದೆಂದು ಗಮನಿಸಿರಿ. ಗುಣ ಕಂಡರೆ ಪಕ್ಕದ ಮನೆಯವರನ್ನೂ ಕರೆಯಿರಿ. ಜೊತೆಗೊಬ್ಬರಿದ್ದರೆ ನಿಮ್ಮ ತಪ್ಪನ್ನು ನೋಡಿ ಹೇಳುವ ಕಣ್ಣೂ ಸಿಕ್ಕಿತು, ಮೊಬೈಲಿಗಿಲ್ಲದಿರುವುದು ಅದೊಂದೇ.