ನದೀತೀರದ ಹಳೆಯ ಕಾರ್ಖಾನೆ ಭೂಮಿ: ಪರೀಕ್ಷೆ ಮತ್ತು ಪುನರ್ಬಳಕೆ

ಮುಂಬಯಿಯಿಂದ ಕಸಾರಾದತ್ತ ಸಾಗುವ ರೈಲುಮಾರ್ಗದಲ್ಲಿ ಕಲ್ಯಾಣದ ನಂತರ ಶಹಾಡ, ಆಂಬಿವಲಿ ಮತ್ತು ಟಿಟ್ವಾಳಾ ನಿಲ್ದಾಣಗಳು ಒಂದರ ಹಿಂದೊಂದರಂತೆ ಬರುತ್ತವೆ. ಟಿಟ್ವಾಳಾ ಮಹಾಗಣಪತಿಯ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ಅಂಗಾರಕ ಚತುರ್ಥಿಯಂದು ಇಲ್ಲಿಗೆ ಬರುವ ಭಕ್ತರ ಸಂಖ್ಯೆ ಅಪಾರ. ಈ ಪರಿಸರದಲ್ಲಿ ಹರಿಯುವ ಕಾಳು ನದಿಯು ಮುಂದೆ ಉಲ್ಹಾಸ ನದಿಯನ್ನು ಸೇರುತ್ತದೆ. ಮುಂಬಯಿ ಹಾಗೂ ಠಾಣೆಯಲ್ಲಿ ಮನೆಗಳ ಬೆಲೆ ಕೈಗೆಟುಕದಂತಾದ ಮೇಲೆ ವಸತಿ ನಿರ್ಮಾಣವು ಈ ನದಿಗಳ ದಂಡೆಯವರೆಗೂ ಹಬ್ಬಿತು. ಜೀವಮಾನದ ಉಳಿತಾಯವನ್ನೆಲ್ಲ ತೊಡಗಿಸಿ ಇಲ್ಲಿ ಮನೆ ಕೊಳ್ಳುವವರಲ್ಲಿ ಕಲ್ಯಾಣ, ಡೊಂಬಿವಿಲಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳೂ ಸೇರಿವೆ. ಕೊಳ್ಳುವವರು ನೀರು, ವಿದ್ಯುತ್ತು, ರೈಲಿನ ಅನುಕೂಲಗಳನ್ನು ವಿಚಾರಿಸುವುದು ವಾಡಿಕೆ. ಆದರೆ ಕಟ್ಟಡದ ಕೆಳಗಿರುವ ಮಣ್ಣಿನ ಚರಿತ್ರೆಯನ್ನು ವಿಚಾರಿಸುವವರು ವಿರಳ.

ಈ ಚರಿತ್ರೆಯನ್ನು ಅರಿಯಲು ಆಂಬಿವಲಿ ಬಳಿಯ ಮೋಹನೆಯತ್ತ ನೋಡಬೇಕು. ಅಲ್ಲಿನ ನ್ಯಾಷನಲ್ ರೇಯಾನ್ ಕಾರ್ಪೊರೇಷನ್ನಿನ ಬೃಹತ್ ಕಾರ್ಖಾನೆಯು ದಶಕಗಳ ಕಾಲ ಕೃತಕ ರೇಷ್ಮೆ ನೂಲನ್ನೂ ಕಾಸ್ಟಿಕ್ ಸೋಡಾ ಮೊದಲಾದ ರಾಸಾಯನಿಕಗಳನ್ನೂ ಉತ್ಪಾದಿಸಿ 2009ರಲ್ಲಿ ಮುಚ್ಚಿತು. ಸಾವಿರಾರು ಕಾರ್ಮಿಕರ ಬಾಕಿಯ ಪ್ರಶ್ನೆ ಬಹುಕಾಲ ಇತ್ಯರ್ಥವಾಗದೆ ಉಳಿಯಿತು. ಕಂಪನಿಯು ದಿವಾಳಿತನದ ಕಾನೂನು ಪ್ರಕ್ರಿಯೆಗೆ ಒಳಪಟ್ಟಿತು. ಹೀಗೆ ಉದ್ಯಮವೊಂದು ನಿಂತಾಗ ಯಂತ್ರಗಳು ಗುಜರಿಗೆ ಹೋಗುತ್ತವೆ, ಭೂಮಿ ಹೊಸ ಉಪಯೋಗಕ್ಕಾಗಿ ಕಾಯುತ್ತದೆ.

ರೇಯಾನ್ ತಯಾರಿಕೆಯಲ್ಲಿ ಮರದ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ, ಗಂಧಕಾಮ್ಲ ಹಾಗೂ ಸತುವಿನ ಲವಣವಿರುವ ದ್ರಾವಣದಲ್ಲಿ ಎಳೆಯಾಗಿ ತೆಗೆಯಲಾಗುತ್ತದೆ. ಕಾಸ್ಟಿಕ್ ಸೋಡಾವನ್ನು ಉಪ್ಪುನೀರಿನ ವಿದ್ಯುದ್ವಿಭಜನೆಯಿಂದ ಪಡೆಯುತ್ತಾರೆ. ಹಿಂದೆ ಭಾರತದಲ್ಲಿ ಈ ಕಾರ್ಯಕ್ಕೆ ಪಾದರಸದ ಕೋಶಗಳೇ ಬಳಕೆಯಲ್ಲಿದ್ದವು. ಅವುಗಳಿಂದ ನಷ್ಟವಾಗುವ ಪಾದರಸದ ಒಂದು ಭಾಗ ಉಪ್ಪಿನ ರಾಡಿಯೊಂದಿಗೆ ಹೊರಬೀಳುತ್ತಿತ್ತು. ಕಾಳು ನದಿಯ ನೀರು ಮತ್ತು ಕೆಸರಿನಲ್ಲಿರುವ ಪಾದರಸವು ಹಲವು ದಶಕಗಳ ಹಿಂದೆಯೇ ವಿಜ್ಞಾನಿಗಳ ಗಮನ ಸೆಳೆದಿತ್ತು. ಪಾದರಸವು ಕೊಳೆಯುವ ವಸ್ತುವಲ್ಲ. ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಮೀನಿನ ಮೂಲಕ ಅದು ಮನುಷ್ಯನ ನರಮಂಡಲವನ್ನು ತಲುಪುತ್ತದೆ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಬೆಳಕಿಗೆ ಬಂದ ವ್ಯಾಧಿಗೆ ಇದೇ ಕಾರಣ.

ಆದರೆ ಕಾರ್ಖಾನೆ ಇದ್ದ ಮಾತ್ರಕ್ಕೆ ಅಲ್ಲಿನ ಭೂಮಿಯೆಲ್ಲ ವಿಷಮಯವೆಂದು ಹೇಳುವುದು ಸರಿಯಲ್ಲ. ಕಾರ್ಮಿಕರ ವಸತಿಗೃಹಗಳಿದ್ದ ಜಾಗಕ್ಕೂ ರಾಡಿ ಸುರಿಯುತ್ತಿದ್ದ ಹೊಂಡಕ್ಕೂ ಅಜಗಜಾಂತರವುಂಟು. ಶಂಕೆಯನ್ನು ನಿಶ್ಚಯದಿಂದ ಬೇರ್ಪಡಿಸುವುದೇ ಭೂಪರೀಕ್ಷೆಯ ಉದ್ದೇಶ.

ಪರೀಕ್ಷೆಯು ಗುದ್ದಲಿಯಿಂದಲ್ಲ, ಕಾಗದದಿಂದ ಆರಂಭವಾಗುತ್ತದೆ. ಹಳೆಯ ನಕ್ಷೆಗಳು, ಪರವಾನಗಿಗಳು, ಮಾಲಿನ್ಯ ನಿಯಂತ್ರಣ ಮಂಡಳಿಯ ಕಡತಗಳು, ಭೂದಾಖಲೆಗಳು ಮೊದಲ ಆಧಾರ. ನಿವೃತ್ತ ಕಾರ್ಮಿಕರ ನೆನಪೂ ಅಷ್ಟೇ ಬೆಲೆಯುಳ್ಳದ್ದು. ಯಾವ ಮೂಲೆಯಲ್ಲಿ ಪೀಪಾಯಿಗಳನ್ನು ಹೂಳಲಾಗಿತ್ತು, ಯಾವ ಚರಂಡಿ ನೇರವಾಗಿ ನದಿಗೆ ಹೋಗುತ್ತಿತ್ತು ಎಂಬ ಸಂಗತಿಗಳು ನಕ್ಷೆಯಲ್ಲಿ ಸಿಗಲಾರವು. ಕಾರ್ಮಿಕರು ಚದುರಿ ಹೋಗುವ ಮುನ್ನವೇ ಇದನ್ನು ಬರೆದಿಟ್ಟುಕೊಳ್ಳುವುದು ಉಚಿತ. ಅನಂತರ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಗುತ್ತದೆ: ವಿಷದ ಮೂಲವೆಲ್ಲಿ, ಅದು ಚಲಿಸುವ ದಾರಿ ಯಾವುದು, ಕೊನೆಗೆ ಯಾರನ್ನು ಮುಟ್ಟುತ್ತದೆ? ಈ ಮೂರರ ಕೊಂಡಿ ಎಲ್ಲಿಯೂ ಕೂಡದಿದ್ದರೆ ಅಪಾಯವಿಲ್ಲ.

ಮುಂದಿನ ಹಂತದಲ್ಲಿ ಭೂಮಿಯನ್ನು ಚೌಕಗಳಾಗಿ ವಿಂಗಡಿಸಿ, ಬೇರೆ ಬೇರೆ ಆಳಗಳಿಂದ ಮಣ್ಣಿನ ಮಾದರಿಗಳನ್ನು ತೆಗೆಯಲಾಗುತ್ತದೆ. ಮೇಲ್ಪದರವನ್ನು ಮಾತ್ರ ಪರೀಕ್ಷಿಸಿದರೆ ಸಾಲದು. ಮೇಲೆ ಹೊಸ ಮಣ್ಣು ಹರಡಿರುವುದು ಅಪರೂಪವೇನಲ್ಲ. ಅಂತರ್ಜಲ ಹಾಗೂ ನದಿಯ ಕೆಸರಿನ ಮಾದರಿಗಳೂ ಅವಶ್ಯ. ಕೊಂಕಣದ ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ, ಬೇಸಿಗೆಯಲ್ಲಿ ಒಣಗಿದ್ದ ಪದರಗಳನ್ನೂ ತೊಳೆಯುತ್ತದೆ. ಆದ್ದರಿಂದ ಒಂದೇ ಋತುವಿನ ಪರೀಕ್ಷೆಯನ್ನು ಪೂರ್ಣವೆಂದು ಭಾವಿಸಲಾಗದು.

ಮಣ್ಣು ಎಷ್ಟು ಶುದ್ಧವಾಗಿರಬೇಕೆಂಬುದು ಅದರ ಮುಂದಿನ ಉಪಯೋಗವನ್ನು ಅವಲಂಬಿಸಿದೆ. ಉಗ್ರಾಣದ ಕಾಂಕ್ರೀಟು ನೆಲದ ಕೆಳಗೆ ಸಹ್ಯವಾದ ಪ್ರಮಾಣವು ಮಗು ಆಡುವ, ಕೈಯನ್ನು ಬಾಯಿಗಿಡುವ ಅಂಗಳದಲ್ಲಿ ಸಹ್ಯವಲ್ಲ. 2001ರಲ್ಲಿ ಮುಚ್ಚಿದ ಕೊಡೈಕನಾಲಿನ ಥರ್ಮಾಮೀಟರ್ ಕಾರ್ಖಾನೆಯ ಮಣ್ಣಿಗೆ ಕಿಲೋಗ್ರಾಮಿಗೆ 20 ಮಿಲಿಗ್ರಾಮ್ ಪಾದರಸದ ಮಿತಿ ನಿಗದಿಯಾದಾಗ, ಅದು ಸಾಲದೆಂದು ಸ್ಥಳೀಯರೂ ಪರಿಸರವಾದಿಗಳೂ ವರ್ಷಗಟ್ಟಲೆ ವಾದಿಸಿದರು. ಅಂಕಿಯೊಂದರ ಆಯ್ಕೆಯು ಕೇವಲ ರಸಾಯನಶಾಸ್ತ್ರದ ವಿಷಯವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ತುಂಗಭದ್ರೆಯ ದಂಡೆಯಲ್ಲಿ, ಹರಿಹರದ ಬಳಿ, ಕಾರ್ಖಾನೆಯ ತ್ಯಾಜ್ಯಜಲದ ಬಗ್ಗೆ ನಡೆದ ವಿವಾದವನ್ನು ಬಲ್ಲ ಕನ್ನಡಿಗರಿಗೆ ಇದು ಹೊಸದೇನಲ್ಲ.

ಶುದ್ಧೀಕರಣದ ವಿಧಾನಗಳು ಹಲವು. ಕಲುಷಿತ ಮಣ್ಣನ್ನು ಅಗೆದು ತಳೋಜಾದಲ್ಲಿರುವಂತಹ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಕೇಂದ್ರಕ್ಕೆ ಸಾಗಿಸಬಹುದು. ಸಿಮೆಂಟಿನೊಂದಿಗೆ ಬೆರೆಸಿ ಗಟ್ಟಿಗೊಳಿಸಬಹುದು. ನೀರು ಇಳಿಯದಂತೆ ಮೇಲೆ ಜೇಡಿಮಣ್ಣು ಮತ್ತು ಪ್ಲಾಸ್ಟಿಕ್ ಹಾಳೆಯ ಹೊದಿಕೆ ಹಾಸಬಹುದು. ಹೊದಿಕೆಯ ವಿಧಾನ ಅಗ್ಗವಾದದ್ದು, ಆದರೆ ನದೀತೀರದಲ್ಲಿ ಅದನ್ನು ಸುಲಭವಾಗಿ ನಂಬುವಂತಿಲ್ಲ. 2005ರ ಜುಲೈ 26ರ ಮಹಾಮಳೆಯಲ್ಲಿ ಕಲ್ಯಾಣ ಪರಿಸರ ಜಲಾವೃತವಾಗಿತ್ತು. 2019ರ ಜುಲೈ 27ರಂದು ಉಲ್ಹಾಸ ನದಿ ಉಕ್ಕಿ, ಬದಲಾಪುರ ಮತ್ತು ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಪ್ರವಾಹದ ಮಧ್ಯೆ ನಿಂತು, ಸುಮಾರು ಸಾವಿರ ಪ್ರಯಾಣಿಕರನ್ನು ರಕ್ಷಿಸಬೇಕಾಯಿತು. ಇಂತಹ ಪ್ರವಾಹವು ದಡವನ್ನು ಕೊರೆದು, ಹೂತಿಟ್ಟದ್ದನ್ನು ಕೆಳಗಿನ ಊರುಗಳಿಗೆ ಒಯ್ಯಬಲ್ಲದು. ಮಹಾರಾಷ್ಟ್ರದಲ್ಲಿ 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟಕ್ಕೆ ನೀಲಿ ರೇಖೆಯನ್ನೂ 100 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟಕ್ಕೆ ಕೆಂಪು ರೇಖೆಯನ್ನೂ ಗುರುತಿಸುವ ಪದ್ಧತಿಯಿದೆ. ನೀಲಿ ರೇಖೆಯ ಒಳಗೆ ನಿರ್ಮಾಣ ನಿಷಿದ್ಧ, ಎರಡರ ನಡುವೆ ನಿರ್ಬಂಧಿತ. ನೆರೆಯಿಂದ ತಪ್ಪಿಸಿಕೊಳ್ಳಲು ನಿವೇಶನವನ್ನು ಎತ್ತರಿಸುವಾಗ ಬಳಸುವ ಭರ್ತಿ ಮಣ್ಣು ಎಲ್ಲಿಂದ ಬಂದಿತೆಂಬುದನ್ನೂ ಪರಿಶೀಲಿಸಬೇಕಾಗುತ್ತದೆ.

ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯವು 2025ರ ಜುಲೈನಲ್ಲಿ ಕಲುಷಿತ ತಾಣಗಳ ನಿರ್ವಹಣೆಗಾಗಿ ನಿಯಮಗಳನ್ನು ಪ್ರಕಟಿಸಿತು. ತತ್ಪೂರ್ವದಲ್ಲಿ ಇಂತಹ ತಾಣಗಳನ್ನು ಗುರುತಿಸುವ ಕಾರ್ಯ ನಡೆದಿತ್ತಾದರೂ ಶುದ್ಧೀಕರಣಕ್ಕೆ ನಿಶ್ಚಿತ ಕಾನೂನು ಕ್ರಮವಿರಲಿಲ್ಲ. ನಿಯಮಗಳನ್ವಯ ಜಿಲ್ಲಾಡಳಿತವು ಶಂಕಿತ ತಾಣಗಳ ಬಗ್ಗೆ ಆರು ತಿಂಗಳಿಗೊಮ್ಮೆ ವರದಿ ನೀಡಬೇಕು. ಪ್ರಾಥಮಿಕ ಪರಿಶೀಲನೆಗೆ 90 ದಿನಗಳ ಅವಧಿಯಿದೆ, ನಂತರ ವಿಸ್ತೃತ ಸಮೀಕ್ಷೆ. ಮಾಲಿನ್ಯಕ್ಕೆ ಕಾರಣರಾದವರೇ ವೆಚ್ಚ ಭರಿಸಬೇಕೆಂಬುದು ಮೂಲ ತತ್ವ. ಕಾರಣರಾದವರು ಪತ್ತೆಯಾಗದಿದ್ದರೆ ಅಥವಾ ಶಕ್ತರಲ್ಲದಿದ್ದರೆ ಹೊಣೆ ಸರ್ಕಾರಗಳ ಮೇಲೆ ಬೀಳುತ್ತದೆ. ದಿವಾಳಿಯಾದ ಕಾರ್ಖಾನೆಗಳ ವಿಷಯದಲ್ಲಿ ಈ ಉಪಬಂಧವು ವಿಶೇಷ ಮಹತ್ವದ್ದು.

ಮನೆ ಕೊಳ್ಳುವವರು ಕರ್ನಾಟಕದ ಪಹಣಿಗೆ ಸಮನಾದ ಸಾತ್‌ಬಾರಾ ಉತಾರೆಯಲ್ಲಿ ಭೂಮಿಯ ಹಿಂದಿನ ಒಡೆತನವನ್ನೂ, ನಗರಪಾಲಿಕೆಯ ಅಭಿವೃದ್ಧಿ ನಕ್ಷೆಯಲ್ಲಿ ನೆರೆರೇಖೆಗಳನ್ನೂ ನೋಡಿಕೊಳ್ಳಬಹುದು. ಹಿಂದೆ ಕಾರ್ಖಾನೆಯಿದ್ದ ಜಾಗವಾದರೆ ಮಣ್ಣಿನ ಪರೀಕ್ಷಾ ವರದಿಯನ್ನು ನಿರ್ಮಾಪಕರಿಂದ ಕೇಳಬೇಕು. ಕಟ್ಟಡದ ಅಡಿಪಾಯಕ್ಕಾಗಿ ಮಾಡಿಸುವ ಮಣ್ಣಿನ ಪರೀಕ್ಷೆಯು ಭಾರ ತಾಳುವ ಶಕ್ತಿಯನ್ನು ಮಾತ್ರ ತಿಳಿಸುತ್ತದೆ, ವಿಷದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ತೋರಿಸಿದ ವರದಿ ಯಾವುದೆಂದು ಗಮನಿಸುವುದು ಅಗತ್ಯ. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿರುವ ಕಡತಗಳನ್ನು 2005ರ ಮಾಹಿತಿ ಹಕ್ಕು ಅಧಿನಿಯಮದ ಮೇರೆಗೆ 10 ರೂಪಾಯಿ ಶುಲ್ಕದ ಅರ್ಜಿಯಿಂದ ಕೋರಬಹುದು. ಉತ್ತರಕ್ಕೆ 30 ದಿನಗಳ ಗಡುವಿರುವುದರಿಂದ, ಮುಂಗಡ ಹಣ ಕೊಡುವ ಮೊದಲೇ ಅರ್ಜಿ ಸಲ್ಲಿಸುವುದು ಒಳಿತು.